14416: ‘ಒಂಥರಾ ಆಗ್ತಿದೆ’ ಅಂದರೆ ಸಾಕು, ಅರ್ಥವಾಗುತ್ತೆ

ನನಗೆ ಈ ಗಾಬರಿ ಮೊದಲ ಸಲ ಆಗಿದ್ದು ಬಸ್ಸಿನಲ್ಲಿ, ಅರಸೀಕೆರೆಯಿಂದ ಬೆಂಗಳೂರಿಗೆ ಹೋಗುವಾಗ. ತಿಪಟೂರು ದಾಟಿದ್ದೇ ತಡ ಎದೆ ಡವಡವ ಹೊಡೆದುಕೊಳ್ಳಲು ಶುರುವಾಯಿತು, ಅಂಗೈ ಬೆವೆತು ಬೆರಳೆಲ್ಲ ಜುಮುಜುಮು, ಎಷ್ಟು ಎಳೆದರೂ ಉಸಿರು ಸಾಲದು, ಈ ಸೀಟಿನಲ್ಲೇ ನನ್ನ ಕಥೆ ಮುಗೀತು ಅಂದುಕೊಂಡೆ. ಕಂಡಕ್ಟರ್ ‘ಗ್ಯಾಸ್ಟ್ರಿಕ್ ಇರಬೇಕು ಸಾರ್, ಸೋಡಾ ಕುಡೀರಿ’ ಅಂದರು. ಅಮ್ಮ ದೃಷ್ಟಿ ತೆಗೆದರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ಮಾಡಿಸಿ ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಅಂತ ಕಳಿಸಿದರು. ಬೇಕು ಅಂತ ಯಾರಾದರೂ ಟೆನ್ಷನ್ ಮಾಡ್ಕೋತಾರಾ?

ಆಮೇಲೆ ಯಾವುದೋ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿದೆ. ಹೆಸರು ಬೇಡ ಬಿಡಿ. ಇಂಗ್ಲಿಷಿನಲ್ಲಿ ಮೆಲ್ಲಗೆ ‘ಕಡಲ ತೀರ ನೆನೆಸಿಕೊಳ್ಳಿ’ ಅಂತಾರೆ. ನಮ್ಮ ಕಡೆಯವರಿಗೆ ತೆಂಗಿನ ತೋಟ ನೆನೆಸಿಕೊಳ್ಳಿ ಅಂದಿದ್ದರೆ ಏನಾದರೂ ಆಗುತ್ತಿತ್ತೋ ಏನೋ.

14416, ಅಂದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದ್ದು ಒಂದು ರಾತ್ರಿ ಎರಡು ಗಂಟೆಗೆ, ಮನೆಯವರಿಗೆ ಕೇಳಿಸದ ಹಾಗೆ ಟೆರೇಸಿನಲ್ಲಿ ನಿಂತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ ಇದು, ಹಿಂದೆ ನಿಂತಿರುವುದು ನಮ್ಮ ನಿಮ್ಹಾನ್ಸ್. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. ಭಾಷೆ ಕನ್ನಡ ಅಂತ ಆರಿಸಿಕೊಂಡೆ. ‘ಮೇಡಂ, ಎದೇಲಿ ಒಂಥರಾ ಆಗ್ತಿದೆ’ ಅಂದೆ. ಒಂಥರಾ ಅಂದರೆ ಯಾವ ಥರ ಅಂತ ಅವರು ಜಗ್ಗಾಡಲಿಲ್ಲ. ನೋವು ಕೈಗೋ ದವಡೆಗೋ ಹರಿಯುತ್ತಿದೆಯಾ, ಹಾರ್ಟ್ ತೋರಿಸಿದ್ದೀರಾ ಅಂತ ಮೊದಲು ಕೇಳಿಕೊಂಡರು. (ನಿಮಗೆ ಇದೇ ಮೊದಲ ಸಲ ಅಂತಾದರೆ ಫೋನ್ ಆಮೇಲೆ, ಮೊದಲು ಆಸ್ಪತ್ರೆಗೆ ಓಡಿ.) ಆಮೇಲೆ ‘ಉಸಿರು ಎಳೆಯೋದು ಸಾಕು, ಬಿಡೋದರ ಕಡೆ ಗಮನ ಕೊಡಿ’ ಅಂದರು. ನಾಲ್ಕು ಎಣಿಸುತ್ತಾ ಎಳೆದು ಆರು ಎಣಿಸುತ್ತಾ ಬಿಡಬೇಕು. ಗಾಬರಿಯಲ್ಲಿ ಜಾಸ್ತಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತಂತೆ, ಬೆರಳು ಜುಮುಗುಟ್ಟುವುದು, ತಲೆ ತಿರುಗುವುದು ಅದಕ್ಕೇ. ಈ ಗಾಬರಿ ಹತ್ತು ನಿಮಿಷದೊಳಗೆ ತುದಿಗೆ ಹೋಗಿ ತಾನೇ ಇಳಿಯಲು ಶುರುವಾಗುತ್ತೆ ಅಂದರು. ಎಕೋ ಮಾಡಿದವರು ಇಷ್ಟು ಹೇಳಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತಿತ್ತು.

ದಿನಕ್ಕೆ ಆರು ಕಾಫಿ ಅಂದಾಗ ಮಾತ್ರ ಅವರು ಒಂದು ಗಳಿಗೆ ಸುಮ್ಮನಾದರು, ಆಮೇಲೆ ಕಡಿಮೆ ಮಾಡಿ ಅಂದರು. ಬಸ್ಸೇ ಹತ್ತುವುದಿಲ್ಲ ಅಂತ ಕೂತರೆ ಭಯ ಇನ್ನೂ ಬೆಳೆಯುತ್ತೆ, ಮೊದಲು ಒಂದೇ ಸ್ಟಾಪ್ ಹೋಗಿಬನ್ನಿ ಅಂದರು.

ಫೋನಿನಲ್ಲೇ ಎಲ್ಲ ಗುಣವಾಗಲಿಲ್ಲ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಹೊತ್ತು ಮನೋವೈದ್ಯರು ಬರುವ ಮನೋಚೈತನ್ಯ ಅಂತ ಒಂದು ಸರ್ಕಾರಿ ಕಾರ್ಯಕ್ರಮ ಇದೆ, ಅಲ್ಲಿಗೆ ಹೋದೆ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ನೀವಾಗೇ ನಿಲ್ಲಿಸಬೇಡಿ ಅಂತ ಡಾಕ್ಟರು ಎರಡೆರಡು ಸಲ ಹೇಳಿದರು. ತಗೊಳ್ಳುತ್ತಿದ್ದೇನೆ.

ಮೊನ್ನೆ ಅದೇ ಬಸ್ಸು, ತಿಪಟೂರು ದಾಟುವಾಗ ಬೆರಳು ಮತ್ತೆ ಜುಮು ಅಂತು. ಆರರವರೆಗೆ ಎಣಿಸುತ್ತಾ ಕೂತೆ. ತುಮಕೂರಿನಲ್ಲಿ ಇಳಿದು ಟೀ ಕುಡಿದೆ. ಅವರು ಕಡಿಮೆ ಮಾಡಿ ಅಂದಿದ್ದು ಕಾಫಿ, ಟೀ ಬಗ್ಗೆ ನಾನೂ ಕೇಳೋಕೆ ಹೋಗಿಲ್ಲ.