ಹಳ್ಳದ ಕರೆಂಟು: ಒಂದು ಟರ್ಬೈನು, ಮೂರು ಮನೆ, ಹನ್ನೆರಡು ಮಳೆಗಾಲ

2013ರ ಬೇಸಿಗೆಯಲ್ಲಿ ಹಾಕಿಸಿದ ಪಿಕೋ ಹೈಡ್ರೋ ಘಟಕದ, ಅಂದರೆ ಹಳ್ಳದ ನೀರಿನಿಂದ ಮನೆಮಟ್ಟಿಗೆ ಕರೆಂಟು ತೆಗೆಯುವ ಪುಟ್ಟ ಯಂತ್ರದ ಬಗ್ಗೆ ಬರೆಯುತ್ತಿದ್ದೇನೆ. ಹೊಸನಗರ ತಾಲ್ಲೂಕಿನ ಒಂದು ಗುಡ್ಡದ ಬುಡದಲ್ಲಿ ನಾವು ಮೂರು ಮನೆಯವರು. ಹುಲಿಕಲ್ ಕಡೆಯ ಮಳೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್‌ನಲ್ಲಿ ಗಾಳಿ ಎದ್ದಿತೆಂದರೆ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ತಿರುಗಿ ಬರುವುದು ಮೂರು ದಿನಕ್ಕೋ ಎಂಟು ದಿನಕ್ಕೋ. ವಾರಾಹಿ, ಚಕ್ರಾ, ಶರಾವತಿಯ ನೀರಿನಿಂದ ನಾಡಿಗೆಲ್ಲ ಬೆಳಕು ಹೋಗುವ ಸೀಮೆಯಲ್ಲೇ ಕೂತು ನಾವು ಕತ್ತಲಲ್ಲಿ ಉಣ್ಣುತ್ತಿದ್ದೆವು ಎಂಬುದು ನನಗೆ ಇಂದಿಗೂ ನೋವಿನ ಮಾತು.

ಅದಕ್ಕೂ ಮೊದಲು ಸೋಲಾರ್ ಹಾಕಿ ನೋಡಿದ್ದೆವು. ಆಷಾಢದಲ್ಲಿ ಹತ್ತು ದಿನ ಸೂರ್ಯನೇ ಕಾಣದಿದ್ದರೆ ಬ್ಯಾಟರಿ ತುಂಬುವುದೆಲ್ಲಿಂದ? ಹಳ್ಳದ ಕರೆಂಟಿನ ದೊಡ್ಡ ಗುಣ ಇಲ್ಲೇ ಇದೆ: ಲೈನು ಕೈಕೊಡುವ ಹೊತ್ತಿಗೆ ಸರಿಯಾಗಿ ಹಳ್ಳ ತುಂಬಿರುತ್ತದೆ. ನಾವು ಕಲ್ಲಿಟ್ಟು ಕಟ್ಟಿದ ಒಡ್ಡು ಟರ್ಬೈನಿಗಿಂತ 40 ಮೀಟರ್ ಮೇಲಿದೆ. ಸೆಕೆಂಡಿಗೆ 5 ಲೀಟರ್ ನೀರು ಪೈಪಿನಲ್ಲಿ ಇಳಿಯುತ್ತದೆ. ಲೆಕ್ಕದ ಪ್ರಕಾರ ಅದರಲ್ಲಿ ಸುಮಾರು 2 ಕಿಲೋವ್ಯಾಟ್ ಶಕ್ತಿ ಇದೆ. ಪೈಪಿನಲ್ಲಿ, ಯಂತ್ರದಲ್ಲಿ ಅರ್ಧ ಹೋದರೂ 1 ಕಿಲೋವ್ಯಾಟ್ ಕೈಗೆ ಸಿಗುತ್ತದೆ. ಹಗಲೂ ರಾತ್ರಿ ಓಡುವುದರಿಂದ ದಿನಕ್ಕೆ 24 ಯೂನಿಟ್. ಬ್ಯಾಟರಿಯೇ ಬೇಡ. ಯಾರೂ ಬಳಸದೆ ಉಳಿದ ಕರೆಂಟನ್ನು ಲೋಡ್ ಕಂಟ್ರೋಲರ್ ನಮ್ಮ ಬಚ್ಚಲುಮನೆಯ ಹಂಡೆಯ ಕಾಯಿಲ್‌ಗೆ ಕಳಿಸುತ್ತದೆ. ಹೀಗಾಗಿ ಮಳೆಗಾಲದಲ್ಲಿ ಹಸಿ ಸೌದೆ ಊದುವ ಕೆಲಸ ಬಹುಪಾಲು ತಪ್ಪಿದೆ.

ಒಂದು ಕಿಲೋವ್ಯಾಟನ್ನು ಮೂರು ಮನೆ ಹಂಚಿಕೊಳ್ಳುವುದಕ್ಕೆ ಹೊಂದಾಣಿಕೆ ಬೇಕು. ಎಲ್‌ಇಡಿ ಬಲ್ಬು, ಫ್ಯಾನು, ಟಿ.ವಿ., ಮೊಬೈಲ್ ಚಾರ್ಜಿಗೆ ಏನೂ ತೊಂದರೆಯಿಲ್ಲ. ಎರಡು ಮನೆಯಲ್ಲಿ ಒಟ್ಟಿಗೇ ಮಿಕ್ಸಿ ತಿರುಗಿದರೆ ಮಾತ್ರ ಬಲ್ಬು ಮಂಕಾಗುತ್ತದೆ. ಅದಕ್ಕೆ ರುಬ್ಬುವ ಮುಂಚೆ ಅಂಗಳಕ್ಕೆ ಬಂದು ಒಂದು ಕೂ ಹಾಕಬೇಕು. ಕೆಳಮನೆಯ ಅತ್ತಿಗೆ ತಿರುಗಿ ಕೂ ಹಾಕಿದರೆ ನಮ್ಮ ಸರದಿ. ಲೈನಿನ ಕರೆಂಟು, ಹಳ್ಳದ ಕರೆಂಟು ಎರಡೂ ಸೇರದಂತೆ ಒಂದನ್ನು ಮಾತ್ರ ಮನೆಗೆ ಬಿಡುವ ಚೇಂಜ್‌ಓವರ್ ಸ್ವಿಚ್ಚನ್ನಂತೂ ದಯವಿಟ್ಟು ಬಿಡಬೇಡಿ. ನಮ್ಮ ಕರೆಂಟು ಲೈನಿಗೆ ನುಗ್ಗಿದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ.

2019ರ ಆಗಸ್ಟ್ ಮಳೆಯಲ್ಲಿ ಲೈನು ಹನ್ನೊಂದು ದಿನ ಇರಲಿಲ್ಲ. ಆಚೆ ಕೇರಿಯವರೆಲ್ಲ ಮೊಬೈಲು, ಟಾರ್ಚು ಹಿಡಿದುಕೊಂಡು ನಮ್ಮ ಜಗಲಿಗೇ ಬರುತ್ತಿದ್ದರು. ಒಬ್ಬರ ಇನ್ಸುಲಿನ್ ನಮ್ಮ ಫ್ರಿಜ್ಜಿನಲ್ಲಿತ್ತು.

ಕಷ್ಟಗಳೂ ಇವೆ. ಒಡ್ಡಿನ ಬಾಯಿಯ ಜಾಲರಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ. ಜೋರು ಮಳೆಯಲ್ಲಿ ದಿನಕ್ಕೆ ಎರಡು ಸಲ ಕೊಪ್ಪೆ ಹಾಕಿಕೊಂಡು ಇಂಬಳದ (ಜಿಗಣೆಯ) ನಡುವೆ ಹತ್ತಿ ಹೋಗಬೇಕು. 2017ರ ಅಕ್ಟೋಬರಿನಲ್ಲಿ ಸಿಡಿಲಿಗೆ ಕಂಟ್ರೋಲರ್ ಬೋರ್ಡು ಸುಟ್ಟಿತು. ರಿಪೇರಿಯವರು ಬರಲು ಮೂರು ವಾರ ಹಿಡಿಯಿತು. ಬೇರಿಂಗು ನಾಲ್ಕು ಸಲ ಬದಲಾಗಿದೆ. ಡಿಸೆಂಬರ್ ದಾಟಿದ ಮೇಲೆ ನೀರು ಸೊರಗುತ್ತದೆ, ಫೆಬ್ರುವರಿಗೆ ನಿಲ್ಲಿಸುತ್ತೇವೆ.

ದುಡ್ಡಿನ ವಿಷಯ. ಆಗ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಯೋಜನೆಯಲ್ಲಿ ಇಂಥ ಘಟಕಕ್ಕೆ 1.10 ಲಕ್ಷ ರೂಪಾಯಿವರೆಗೆ ಸಹಾಯಧನ ಇತ್ತು. ಅದಿಲ್ಲದಿದ್ದರೆ ನಾವು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ, ಆ ಋಣ ದೊಡ್ಡದು. ಆದರೆ ನಮ್ಮ ಮಟ್ಟಿಗೆ ಅದು ಯಂತ್ರಕ್ಕೇ ಮುಗಿದುಹೋಯಿತು. ಮನೆಯಿಂದ ಮನೆಗೆ ಎಳೆದ ಕೇಬಲ್ಲು, ಆಮೇಲಿನ ರಿಪೇರಿ ಎಲ್ಲ ಅಡಿಕೆ ದುಡ್ಡಿನಿಂದಲೇ. ಹತ್ತಿರದ ಊರೊಂದರಲ್ಲಿ ಇಂಥದ್ದೇ ಯಂತ್ರ ಬೋರ್ಡು ಸುಟ್ಟ ಮೇಲೆ ಕೊಟ್ಟಿಗೆ ಸೇರಿದೆ, ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಸರ್ಕಾರದ ದುಡ್ಡು ಸುರಿದಿದ್ದು ಹಾಳಾಗಬಾರದೆಂದರೆ ತಾಲ್ಲೂಕಿಗೊಬ್ಬ ಹುಡುಗನಿಗೆ ರಿಪೇರಿ ಕಲಿಸಬೇಕು, ಬಿಡಿಭಾಗ ಇಡಿಸಬೇಕು, ಹಂಚಿಕೊಳ್ಳುವ ಮನೆಗಳ ತಂತಿಗೂ ನೆರವು ಕೊಡಬೇಕು.

ಹಳ್ಳದಾಚೆ ನಾಲ್ಕನೆಯ ಮನೆಯೊಂದಿದೆ. ಅಜ್ಜಿ ಒಬ್ಬರೇ. ಅವರಿಗೆ ಬೇಕಾಗಿರುವುದು ಎರಡು ಬಲ್ಬು, ಒಂದು ಫ್ಯಾನು. ನೀರಿದೆ, ಯಂತ್ರಕ್ಕೆ ತ್ರಾಣವಿದೆ. ಮುನ್ನೂರು ಮೀಟರ್ ಕೇಬಲ್ಲಿಗೆ ಮೂರೂ ಮನೆಯವರು ಸೇರಿ ದುಡ್ಡು ಕೂಡಿಸುತ್ತಿದ್ದೇವೆ. ಬರುವ ಮಳೆಗಾಲದೊಳಗೆ ಎಳೆದುಬಿಡಬೇಕು.