ಗೂಗಲ್ ಮೀಟ್‌ನಲ್ಲಿ ನಮ್ಮ ಪ್ರಾರ್ಥನಾಕೂಟ: ನಾಲ್ಕು ಸ್ಟಾರ್

ನಾನಿರುವುದು ದೋಹಾದಲ್ಲಿ. ಶುಕ್ರವಾರ ಸಂಜೆ 7ಕ್ಕೆ ಹನ್ನೊಂದು ಜನ ಮೀಟ್‌ನಲ್ಲಿ ಸೇರುತ್ತೇವೆ. ಊರಲ್ಲಿ ಆಗ ರಾತ್ರಿ 9.30. ಉಚಿತ ಖಾತೆಗೆ ಮಿತಿ 60 ನಿಮಿಷ, 100 ಜನ. ನಮಗೆ ಅದೇ ಜಾಸ್ತಿ. ಪ್ರಾರ್ಥನೆ ಎಳೆಯುವ ಧಾರವಾಡದ ಅಂಕಲ್‌ಗಂತೂ ಈ ಗಡಿಯಾರವೇ ಸಭಾಪಾಲಕ!

ಒಟ್ಟಿಗೆ ಹಾಡಲು ಮಾತ್ರ ಹೋಗಬೇಡಿ. ನೆಟ್‌ನಲ್ಲಿ ಧ್ವನಿ ತಡವಾಗಿ ಬರುತ್ತದೆ, ಯಾವ ಆಪ್ ಆದರೂ ಅಷ್ಟೇ. ಒಬ್ಬರು ಹಾಡಲಿ, ಉಳಿದವರು ಮ್ಯೂಟ್.

ನಾಲ್ಕು ಸ್ಟಾರ್ ಆಪ್‌ಗೆ. ಕೂಟಕ್ಕೆ ಎಷ್ಟು ಕೊಡಲಿ? ಕಳೆದ ತಿಂಗಳು ಬೆಟಗೇರಿಯಲ್ಲಿ ಅವ್ವ ಬಿದ್ದು ಕಾಲು ಮುರಿದುಕೊಂಡಳು. ನಾನು ಸುಮ್ನೆ ಪ್ರಾರ್ಥಿಸಿ ಅಂದಿದ್ದೆ. ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಆಂಟಿ ಅವ್ವನ ಬಾಗಿಲಲ್ಲಿದ್ದರು. ಅವರನ್ನು ನಾನು ಫೋನ್ ಪರದೆಯಲ್ಲಷ್ಟೇ ನೋಡಿದ್ದು. ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ.