ಗಿಡವನ್ನು ಎಚ್ಚರಿಸುವ ಹರಳು: ಅಸಿಬೆಂಜೋಲಾರ್-ಎಸ್-ಮೀಥೈಲ್ ಬಳಸಿ ಕಂಡದ್ದು

ಟೊಮೆಟೊ ಬೆಳೆಯಲ್ಲಿ ದುಂಡಾಣು ಎಲೆಚುಕ್ಕೆ ರೋಗ ಒಮ್ಮೆ ನೆಲೆಯೂರಿದರೆ ಬೆಳೆಗಾರನಿಗೆ ಉಳಿಯುವ ದಾರಿಗಳು ಬಹಳ ಕಡಿಮೆ. ತಾಮ್ರದ ಔಷಧಿಗಳನ್ನು ವರ್ಷಗಟ್ಟಲೆ ಸಿಂಪಡಿಸಿದ ಎಷ್ಟೋ ಕಡೆಗಳಲ್ಲಿ ಕ್ಸಾಂಥೊಮೊನಾಸ್ ದುಂಡಾಣುವಿನ ತಾಮ್ರಕ್ಕೆ ಜಗ್ಗದ ತಳಿಗಳು ಹುಟ್ಟಿಕೊಂಡಿವೆ; ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೈವಿಕದ ಕಥೆಯೂ ಅದೇ ಆಗಿದೆ. ಈ ಇಕ್ಕಟ್ಟಿನಿಂದಾಗಿಯೇ ನಾನು ಮೂರು ಹಂಗಾಮುಗಳಿಂದ ಅಸಿಬೆಂಜೋಲಾರ್-ಎಸ್-ಮೀಥೈಲ್ ಎಂಬ ಸಂಯುಕ್ತವನ್ನು ಟೊಮೆಟೊ ಮತ್ತು ದೊಣ್ಣೆಮೆಣಸಿನಕಾಯಿ ಬೆಳೆಗಳಲ್ಲಿ ಬಳಸುತ್ತ ಬಂದಿದ್ದೇನೆ. ನಾನು ಬಳಸಿದ್ದು ಶೇ 50ರಷ್ಟು ಸಕ್ರಿಯ ಅಂಶವಿರುವ, ನೀರಿನಲ್ಲಿ ಸುಲಭವಾಗಿ ಕದಡುವ ಹರಳಿನ ರೂಪ.

ಇದನ್ನು ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಇದು ರೋಗಾಣುವನ್ನು ಕೊಲ್ಲುವುದಿಲ್ಲ. ಹೊಲದಲ್ಲಿ ಬಳಸುವ ಪ್ರಮಾಣದಲ್ಲಿ ಇದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುತ್ತಿರುವ ದುಂಡಾಣುವಿನ ಮೇಲೆ ಹಾಕಿದರೆ ದುಂಡಾಣು ತನ್ನ ಪಾಡಿಗೆ ತಾನು ಬೆಳೆಯುತ್ತಲೇ ಇರುತ್ತದೆ. ಇದು ಕೆಲಸ ಮಾಡುವುದು ಗಿಡದ ಮೇಲೆ. 1961ರಲ್ಲಿ ಫ್ರಾಂಕ್ ರಾಸ್ ಎಂಬ ವಿಜ್ಞಾನಿ ತಂಬಾಕಿನ ಗಿಡದ ಕೆಳಗಿನ ಎಲೆಗಳಿಗೆ ಮೊಸಾಯಿಕ್ ವೈರಸ್ ತಗುಲಿಸಿ, ಕೆಲವು ದಿನಗಳ ನಂತರ ಸೋಂಕೇ ಕಾಣದ ಮೇಲಿನ ಎಲೆಗಳೂ ಅದೇ ವೈರಸ್ಸನ್ನು ತಡೆಯುವ ಶಕ್ತಿ ಪಡೆದಿದ್ದನ್ನು ತೋರಿಸಿದರು. 1979ರಲ್ಲಿ ಆರ್. ಎಫ್. ವೈಟ್ ಅವರು, ನಾವು ತಲೆನೋವಿಗೆ ನುಂಗುವ ಆಸ್ಪಿರಿನ್ನನ್ನೇ ತಂಬಾಕಿನ ಎಲೆಗೆ ಚುಚ್ಚಿದಾಗಲೂ ಅಂಥದೇ ಪ್ರತಿರೋಧ ಮೂಡುವುದನ್ನು ಕಂಡರು. ರೋಗ ತಗುಲಿದ ಗಿಡ ತಾನೇ ಆಸ್ಪಿರಿನ್ನಿನ ಹತ್ತಿರದ ಬಂಧುವಾದ ಸ್ಯಾಲಿಸಿಲಿಕ್ ಆಮ್ಲವನ್ನು ಹೆಚ್ಚಿಸಿಕೊಂಡು, ಆ ಮೂಲಕ ತನ್ನ ರಕ್ಷಣಾ ವಂಶವಾಹಿಗಳನ್ನು ಎಬ್ಬಿಸುತ್ತದೆ ಎಂಬುದು 1990ರ ಸುಮಾರಿಗೆ ಸ್ಪಷ್ಟವಾಯಿತು. ಅಸಿಬೆಂಜೋಲಾರ್ ಆ ಆಮ್ಲದ ಕೆಲಸವನ್ನೇ ಮಾಡುವ ಕೃತಕ ಸಂಯುಕ್ತ. 1990ರ ದಶಕದ ನಡುವಿನಲ್ಲಿ ಮಾರುಕಟ್ಟೆಗೆ ಬಂತು. ಕೋಶದೊಳಗೆ ಹೊಕ್ಕಮೇಲೆ ಅದರ ಒಂದು ತುದಿ ಕಳಚಿ ಆಮ್ಲರೂಪಕ್ಕೆ ತಿರುಗುತ್ತದೆ, ಆಮೇಲೆ ಗಿಡವು ಶಿಲೀಂಧ್ರಗಳ ಕೋಶಭಿತ್ತಿಯನ್ನು ಕತ್ತರಿಸುವ ಕೈಟಿನೇಸ್, ಗ್ಲೂಕನೇಸ್‌ನಂಥ ಪ್ರೋಟೀನುಗಳನ್ನು ತಯಾರಿಸಿಟ್ಟುಕೊಳ್ಳುತ್ತದೆ. ರೋಗವೇ ಬಾರದ ಗಿಡಕ್ಕೆ ರೋಗ ಬಂದ ಸುದ್ದಿಯನ್ನು ಮುಟ್ಟಿಸುವ ಈ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಈ ತಯಾರಿಗೆ ಸಮಯ ಬೇಕು. ಮೊದಲ ಹಂಗಾಮಿನಲ್ಲಿ ನಾನು ಎಡವಿದ್ದು ಇಲ್ಲಿಯೇ. ಎಲೆಗಳ ಮೇಲೆ ಕಪ್ಪು ಚುಕ್ಕೆಗಳು ಕಂಡಮೇಲೆ ಸಿಂಪಡಿಸಿ, ಮೂರನೆಯ ದಿನಕ್ಕೇ ಫಲ ಕಾಣಲಿಲ್ಲವೆಂದು ನಿರಾಶನಾಗಿದ್ದೆ. ಗಿಡ ಪೂರ್ತಿ ಎಚ್ಚೆತ್ತುಕೊಳ್ಳಲು ನಾಲ್ಕು ದಿನದಿಂದ ಒಂದು ವಾರದವರೆಗೆ ಹಿಡಿಯಬಹುದು. ಒಳಗೆ ಈಗಾಗಲೇ ನೆಲೆಸಿದ ರೋಗವನ್ನು ಅದು ಹೊರಗಟ್ಟುವುದಿಲ್ಲ. ಎರಡನೆಯ ಹಂಗಾಮಿನಲ್ಲಿ ನಾಟಿ ಮಾಡಿದ ಸಸಿಗಳು ಬೇರುಹಿಡಿದು ಹೊಸ ಕುಡಿ ಬಿಟ್ಟ ಕೂಡಲೇ, ಒಂದು ಚುಕ್ಕೆಯೂ ಇಲ್ಲದಿದ್ದಾಗಲೇ ಆರಂಭಿಸಿ, ಹತ್ತು ದಿನಗಳಿಗೊಮ್ಮೆ ಸಿಂಪಡಿಸಿದೆ. ಹೋಲಿಸಿ ನೋಡಲೆಂದು ನಡುವೆ ಎರಡು ಸಾಲುಗಳನ್ನು ಹಾಗೆಯೇ ಬಿಟ್ಟಿದ್ದೆ. ಬಿಟ್ಟ ಸಾಲುಗಳಲ್ಲಿ ಬುಡದ ಎಲೆಗಳು ಹಳದಿಯಾಗಿ ಉದುರಿ, ಕಾಯಿಗಳ ಮೇಲೆ ಕಜ್ಜಿಯಂಥ ಕಲೆಗಳು ಎದ್ದಾಗಲೂ ಸಿಂಪಡಿಸಿದ ಸಾಲುಗಳ ಗಿಡಗಳು ಎಲೆ ಹೊತ್ತುಕೊಂಡೇ ನಿಂತಿದ್ದವು. ಎಡೆಬಿಡದೆ ಗಾಳಿಮಳೆ ಹೊಡೆದ ವಾರದ ನಂತರ ಅಲ್ಲಿಯೂ ರೋಗ ಬಂತು, ಆದರೆ ತಡವಾಗಿ ಬಂತು, ನಿಧಾನವಾಗಿ ಹರಡಿತು. ಈ ಒಂದು ಕೆಲಸಕ್ಕಾಗಿ ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ.

ದೊಣ್ಣೆಮೆಣಸಿನಕಾಯಿಯ ಅನುಭವ ಬೇರೆ. ಟೊಮೆಟೊಗೆ ಒಗ್ಗಿದ ಅಂತರದಲ್ಲಿಯೇ ಎಳೆಯ ಮೆಣಸಿನ ಸಸಿಗಳಿಗೂ ಸಿಂಪಡಿಸಿದಾಗ ರೋಗವೇನೋ ಕಡಿಮೆಯಿತ್ತು, ಗಿಡಗಳು ಮಾತ್ರ ಕುಗ್ಗಿ ಗಿಡ್ಡವಾದವು, ಎಲೆಯ ಅಂಚು ಹಳದಿಗೆ ತಿರುಗಿತು, ಕಾಯಿಯೂ ಇಳಿಯಿತು. ಬೆಳವಣಿಗೆಗೆ ಹೋಗಬೇಕಾದ ಸಾರಜನಕ ಮತ್ತು ಶಕ್ತಿಯನ್ನು ಗಿಡ ಕಾವಲಿಗೆ ತೆತ್ತಾಗ ಹೀಗಾಗುತ್ತದೆ. 2000ದಲ್ಲಿ ಪ್ರಕಟವಾದ ಗೋಧಿಯ ಪ್ರಯೋಗವೊಂದರಲ್ಲಿ, ರೋಗವೇ ಇಲ್ಲದ ಕಡೆ ಈ ಸಂಯುಕ್ತ ಪಡೆದ ಗಿಡಗಳು ಪಡೆಯದ ಗಿಡಗಳಿಗಿಂತ ಕಡಿಮೆ ಬೆಳೆದು ಕಡಿಮೆ ಕಾಳು ಕೊಟ್ಟವು. ಸಾರಜನಕದ ಕೊರತೆಯಿದ್ದಲ್ಲಿ ಈ ನಷ್ಟ ಹೆಚ್ಚು ಎದ್ದು ಕಂಡಿತು. ಹೀಗಾಗಿ ರೋಗದ ಭಯ ನಿಜವಾಗಿ ಇರುವ ಹೊಲಕ್ಕೆ, ಹಸಿವಿಲ್ಲದ ಗಿಡಕ್ಕೆ ಮಾತ್ರ ಇದು ಸಲ್ಲುತ್ತದೆ. ನೀರಿನ ಅಭಾವದಿಂದ ಬಾಡಿದ ಸಸಿಗೆ ಇದನ್ನು ಸಿಂಪಡಿಸಲೇಬಾರದು.

ನನಗೆ ಮಾರಿದವರು ಇದನ್ನು ಎಲ್ಲ ರೋಗಗಳಿಗೂ ಹಾಕಿಸುವ ಲಸಿಕೆಯೆಂದು ಬಣ್ಣಿಸಿದ್ದರು. ಆ ಮಾತು ದಾರಿ ತಪ್ಪಿಸುವಂಥದು. ಜೀವಂತ ಕೋಶವನ್ನೇ ನೆಚ್ಚಿ ಬದುಕುವ ಬೂದಿರೋಗ, ಬೂಜುರೋಗಗಳ ಎದುರು ಮತ್ತು ಕೆಲವು ದುಂಡಾಣುಗಳ ಎದುರು ಸ್ಯಾಲಿಸಿಲಿಕ್ ಆಮ್ಲದ ದಾರಿ ಪರಿಣಾಮಕಾರಿ. ಅಂಗಾಂಶವನ್ನು ಕೊಂದು ತಿನ್ನುವ ಬೊಟ್ರೈಟಿಸ್‌ನಂಥ ಶಿಲೀಂಧ್ರಗಳ ಎದುರು ಅದನ್ನು ನೆಚ್ಚುವಂತಿಲ್ಲ. ಇನ್ನೊಂದು ತೊಡಕೂ ಇದೆ. ಎಲೆ ತಿನ್ನುವ ಹುಳುಗಳ ವಿರುದ್ಧ ಗಿಡ ಬಳಸುವುದು ತನ್ನದೇ ಇನ್ನೊಂದು ಸಂಕೇತವಸ್ತುವಾದ ಜಾಸ್ಮೋನಿಕ್ ಆಮ್ಲದ ದಾರಿಯನ್ನು. ಒಂದು ದಾರಿ ಬಲಗೊಂಡಾಗ ಇನ್ನೊಂದು ಸೊರಗುವುದುಂಟು. ಟೊಮೆಟೊದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಅಸಿಬೆಂಜೋಲಾರ್ ಪಡೆದ ಗಿಡಗಳ ಮೇಲೆ ಮರಿಹುಳುಗಳು ಚೆನ್ನಾಗಿ ಮೇದು ಬೆಳೆದದ್ದು ಕಂಡುಬಂದಿದೆ. ಹುಳುವಿನ ಕಾಟ ಜೋರಾಗಿರುವಾಗ ನಾನು ಸಿಂಪರಣೆಯನ್ನು ಮುಂದೂಡುತ್ತೇನೆ.

ಇದೇ ಬಗೆಯ ಇತರ ವಸ್ತುಗಳ ಪೈಕಿ ಹಿರಿಯದು ಭತ್ತದ ಬೆಂಕಿ ರೋಗಕ್ಕೆ ಜಪಾನಿನಲ್ಲಿ 1970ರ ದಶಕದಿಂದ ಬಳಸುತ್ತಿರುವ ಪ್ರೊಬೆನಜೋಲ್. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್, ಕಂದು ಕಡಲಕಳೆಯಿಂದ ಬರುವ ಲ್ಯಾಮಿನರಿನ್ ಕೂಡ ಗಿಡವನ್ನು ಎಚ್ಚರಿಸುತ್ತವೆ. ಕೈಟೊಸಾನನ್ನು ನಾನೂ ಒಂದು ಹಂಗಾಮು ಬಳಸಿದ್ದೇನೆ. ಗಿಡಕ್ಕೆ ತೊಂದರೆಯಾಗಲಿಲ್ಲ, ಆದರೆ ಎಲೆಚುಕ್ಕೆಯನ್ನು ಅಸಿಬೆಂಜೋಲಾರ್‌ನಷ್ಟು ಬಿಗಿಯಾಗಿ ಹಿಡಿಯಲಿಲ್ಲ.

ಬಳಸುವವರಿಗೆ ಒಂದು ಕಿವಿಮಾತು. ಬೇಕಾಗುವ ಪ್ರಮಾಣ ತೀರ ಸಣ್ಣದು. ಗೋಧಿಗೆ ಹೆಕ್ಟೇರಿಗೆ 30 ಗ್ರಾಂ ಸಕ್ರಿಯ ಅಂಶ ಸಾಕೆಂದರೆ ಅಂದಾಜು ಸಿಗಬಹುದು. ಚಮಚದ ಅಳತೆ ಇಲ್ಲಿ ನಡೆಯದು, ಗ್ರಾಮಿನ ಭಾಗವನ್ನೂ ತೋರಿಸುವ ತಕ್ಕಡಿ ಬೇಕು, ಪೊಟ್ಟಣದ ಮೇಲಿನ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿಲ್ಲದಿದ್ದರೆ ಬಳಸಲೇಬಾರದು. ಬರುವ ಹಂಗಾಮಿನಲ್ಲಿ ಟೊಮೆಟೊಗೆ ನಾಟಿಯ ನಂತರದ ವಾರದಿಂದಲೇ ಮತ್ತೆ ಇದನ್ನೇ ಕೊಡುತ್ತೇನೆ. ಮೆಣಸಿನ ಗಿಡಗಳಿಗೆ ಮಾತ್ರ ಅವು ಚೆನ್ನಾಗಿ ಕವಲೊಡೆಯುವವರೆಗೆ ಕಾದು, ಚೀಟಿಯಲ್ಲಿರುವ ಅತಿ ಕಡಿಮೆ ಪ್ರಮಾಣದಲ್ಲಿ, ನಾಲ್ಕು ಸಾಲುಗಳಿಗಷ್ಟೇ ಕೊಟ್ಟು ನೋಡುವವನಿದ್ದೇನೆ.